ಇದ್ದಿಲಿನ ಗೆರೆ: ಎಲ್ಲಿ ಇಳಿಯಿತು, ಎಲ್ಲಿ ಏರಿತು

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದ ಪ್ರಕಾರ 2015ರಲ್ಲಿ ಜಗತ್ತು ಸುಮಾರು 5.2 ಕೋಟಿ ಟನ್ ಮರದ ಇದ್ದಿಲು ತಯಾರಿಸಿತು. ಅದರಲ್ಲಿ ಶೇ. 62ರಷ್ಟು ಬಂದದ್ದು ಆಫ್ರಿಕಾದಿಂದ. ಆದರೆ ದೇಶವಾರು ಪಟ್ಟಿ ತೆಗೆದರೆ ಮೇಲಿರುವುದು ಬ್ರೆಜಿಲ್. ಆಫ್ರಿಕಾದ ಇದ್ದಿಲು ಹೆಚ್ಚಾಗಿ ಅಡುಗೆ ಒಲೆಗೆ ಹೋಗುತ್ತದೆ, ಬ್ರೆಜಿಲ್‌ನದು ಕಬ್ಬಿಣದ ಕುಲುಮೆಗೆ. ಟನ್ನುಗಳನ್ನಷ್ಟೇ ಹೋಲಿಸುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇದ್ದಿಲನ್ನು ಬಡ ಹಳ್ಳಿಗಳ ಇಂಧನ ಎಂದುಕೊಳ್ಳುವವರು ಬಹಳ. ನಿಜದಲ್ಲಿ ಅದು ನಗರದ ಇಂಧನ. ಸೌದೆಯನ್ನು ಒಟ್ಟಿ, ಸೊಪ್ಪು-ಮಣ್ಣು ಮುಚ್ಚಿ, ಗಾಳಿ ಹೆಚ್ಚು ಆಡದಂತೆ ಸುಟ್ಟಾಗ ನೀರು, ಟಾರು, ಅನಿಲಗಳು ಹೊರಟುಹೋಗಿ ಬಹುಪಾಲು ಇಂಗಾಲ ಉಳಿಯುತ್ತದೆ. ಗಾಳಿಗೆ ಒಣಗಿದ ಒಂದು ಕಿಲೋ ಸೌದೆಯಲ್ಲಿರುವುದರ ಸುಮಾರು ಎರಡು ಪಟ್ಟು ಶಾಖ ಒಂದು ಕಿಲೋ ಇದ್ದಿಲಿನಲ್ಲಿದೆ. ಹಾಗಾಗಿ ದೂರದ ಕಾಡಿನಿಂದ ಲಾರಿಯಲ್ಲಿ ತಂದರೂ ವ್ಯಾಪಾರಿಗೆ ಗಿಟ್ಟುತ್ತದೆ. ಹೊಗೆ ಕಡಿಮೆ, ಇಡಲು ಜಾಗವೂ ಕಡಿಮೆ ಸಾಕು. ಹಳ್ಳಿಯಲ್ಲಿ ಸೌದೆ ಆರಿಸುತ್ತಿದ್ದ ಕುಟುಂಬ ಕಿನ್ಶಾಸಾ, ದಾರ್ ಎಸ್ ಸಲಾಮ್‌ನಂಥ ಆಫ್ರಿಕಾದ ಮಹಾನಗರಕ್ಕೆ ಬಂದು ನೆಲೆಸಿದರೆ ಇದ್ದಿಲು ಕೊಳ್ಳತೊಡಗುತ್ತದೆ. ಇದ್ದಿಲಿನ ಉತ್ಪಾದನೆ ತೋರಿಸುವ ನಕ್ಷೆಯಲ್ಲಿ ಆಫ್ರಿಕಾದ ಗೆರೆ ಏರಲು ಮುಖ್ಯ ಕಾರಣ ಇದೇ.

ಯುರೋಪಿನಲ್ಲಿ ಈ ಗೆರೆ ಇಳಿದದ್ದು ಬಲು ನಿಧಾನವಾಗಿ. 1709ರಲ್ಲಿ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಅಬ್ರಹಾಂ ಡಾರ್ಬಿ ಕೋಕ್ (ಗಾಳಿ ಆಡದಂತೆ ಕಾಯಿಸಿದ ಕಲ್ಲಿದ್ದಲು) ಬಳಸಿ ಕಬ್ಬಿಣ ಕರಗಿಸಿದ. ಆದರೂ ಇದ್ದಿಲಿನ ಕುಲುಮೆಗಳು ಒಮ್ಮೆಲೇ ಆರಲಿಲ್ಲ. ಕಾಡು ಹೇರಳವಾಗಿದ್ದು ಕಲ್ಲಿದ್ದಲು ಅಷ್ಟಾಗಿ ಇಲ್ಲದ ಸ್ವೀಡನ್ 18ನೇ ಶತಮಾನದುದ್ದಕ್ಕೂ ಇದ್ದಿಲಿನ ಕಬ್ಬಿಣವನ್ನು ಅದೇ ಇಂಗ್ಲೆಂಡಿಗೆ ಮಾರಿತು. ಸ್ವೀಡನ್‌ನ ಕೊನೆಯ ಇದ್ದಿಲು ಕುಲುಮೆ ಮುಚ್ಚಿದ್ದು 1966ರಲ್ಲಿ. ಜಪಾನ್ 1940ರಲ್ಲಿ ಸುಮಾರು 27 ಲಕ್ಷ ಟನ್ ಇದ್ದಿಲು ಸುಟ್ಟು ತೆಗೆಯುತ್ತಿತ್ತು. ಯುದ್ಧದ ನಂತರ ಮನೆಮನೆಗೆ ಗ್ಯಾಸ್, ಸೀಮೆಎಣ್ಣೆ, ವಿದ್ಯುತ್ ಬಂದಂತೆ ಅದು ಕುಸಿಯಿತು. ಅಲ್ಲಿ ಇದ್ದಿಲನ್ನು ನಿಲ್ಲಿಸಿದ್ದು ನಿಷೇಧವಲ್ಲ, ಕೈಗೆಟುಕಿದ ಬೇರೆ ಇಂಧನ.

ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ರಾಜ್ಯದಲ್ಲಿ ಕಬ್ಬಿಣದ ಅದಿರು ಯಥೇಚ್ಛ. ಕೋಕ್‌ಗೆ ಒಗ್ಗುವ ಕಲ್ಲಿದ್ದಲು ಮಾತ್ರ ದೇಶದಲ್ಲಿ ಕಡಿಮೆ. ಹಾಗಾಗಿ ಅನೇಕ ಊದುಕುಲುಮೆಗಳು ಇಂದೂ ಇದ್ದಿಲಿನಲ್ಲಿ ಉರಿಯುತ್ತಿವೆ. ಮೊದಲು ಸಹಜ ಕಾಡನ್ನೇ ಕಡಿದು ಸುಡುತ್ತಿದ್ದರು. ಈಗ ಬಹುಪಾಲು ಬರುವುದು ಏಳೆಂಟು ವರ್ಷಕ್ಕೊಮ್ಮೆ ಕಡಿಯುವ ನೀಲಗಿರಿ ತೋಪುಗಳಿಂದ. ಮತ್ತೆ ಬೆಳೆಯುವ ಮರ, ಸುಟ್ಟಾಗ ಗಾಳಿ ಸೇರಿದ ಇಂಗಾಲವನ್ನು ಹೀರಿಕೊಳ್ಳುತ್ತದೆ. ಕಡಿದ ಮೇಲೆ ಚಿಗುರಲು ಬಿಡದ ಕಾಡಿನಲ್ಲಿ ಇದು ನಡೆಯುವುದಿಲ್ಲ. ಈ ಎರಡು ಬಗೆಯ ಇದ್ದಿಲನ್ನು ಒಂದೇ ಸಾಲಿನಲ್ಲಿ ಕೂಡಿಸುವುದು ನನಗೆ ಸರಿಕಾಣದು.

ಅಂಕಿಅಂಶಗಳನ್ನೂ ಎಚ್ಚರದಿಂದ ಓದಬೇಕು. ಆಹಾರ ಮತ್ತು ಕೃಷಿ ಸಂಸ್ಥೆಯ ದತ್ತಾಂಶ 1961ರಿಂದ ಸಿಗುತ್ತದೆ. ಆದರೆ ಆಫ್ರಿಕಾದ ಇದ್ದಿಲಿನ ಬಹುಭಾಗ ಯಾವ ತಕ್ಕಡಿಗೂ, ಯಾವ ಕಡತಕ್ಕೂ ಸಿಕ್ಕದೆ ಮೂಟೆಗಳಲ್ಲಿ ಮಾರಾಟವಾಗುತ್ತದೆ. ಸರ್ಕಾರಗಳು ವರದಿ ಕೊಡದ ಕಡೆ ಜನಸಂಖ್ಯೆ, ಆದಾಯದಂಥ ಅಂಶಗಳಿಂದ ಅಂದಾಜು ಕಟ್ಟಲಾಗುತ್ತದೆ. ವರ್ಷದಿಂದ ವರ್ಷಕ್ಕೆ ಏರುಪೇರಿಲ್ಲದೆ ನಯವಾಗಿ ಮೇಲೇರುವ ಗೆರೆ ಕಂಡರೆ, ಅದು ಸೂತ್ರದಿಂದ ಬಂದಿರಬಹುದು ಎಂಬ ಅನುಮಾನ ಇರಲಿ. ಸೊಮಾಲಿಯಾದಲ್ಲಿ ಸಂಶೋಧಕರು ಬೇರೆ ದಾರಿ ಹಿಡಿದರು: ಇದ್ದಿಲು ಸುಟ್ಟ ಜಾಗದಲ್ಲಿ ಉಳಿಯುವ ಕಪ್ಪು ಕಲೆಗಳನ್ನು ಉಪಗ್ರಹ ಚಿತ್ರಗಳಲ್ಲಿ ಎಣಿಸಿದರು. ಆ ದೇಶದ ಇದ್ದಿಲು ರಫ್ತನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2012ರಲ್ಲಿ ನಿಷೇಧಿಸಿತ್ತು. ನಿಷೇಧವಾದ ಸರಕಿನ ಲೆಕ್ಕ ಬಾಯಿಬಿಟ್ಟು ಹೇಳುವವರು ಯಾರು?

ಗ್ಯಾಸ್, ವಿದ್ಯುತ್ ಎಲ್ಲರಿಗೂ ಎಟುಕುವವರೆಗೆ ಇದ್ದಿಲು ಸುಡುವ ಗೂಡನ್ನು ಸುಧಾರಿಸುವುದೊಂದು ದಾರಿ. ಸಾಂಪ್ರದಾಯಿಕ ಮಣ್ಣಿನ ಗೂಡಿನಲ್ಲಿ ನೂರು ಕಿಲೋ ಒಣ ಸೌದೆಗೆ ಹತ್ತರಿಂದ ಇಪ್ಪತ್ತು ಕಿಲೋ ಇದ್ದಿಲು ದಕ್ಕಿದರೆ ಹೆಚ್ಚು. ಒಳ್ಳೆಯ ಇಟ್ಟಿಗೆ ಗೂಡು ಮೂವತ್ತರ ಆಸುಪಾಸು ಕೊಡಬಲ್ಲದು. ಹದಿನೈದು ಮೂವತ್ತಾದರೆ ಅಷ್ಟೇ ಇದ್ದಿಲಿಗೆ ಅರ್ಧದಷ್ಟು ಮರ ಸಾಕು. ಆದರೆ ಇಟ್ಟಿಗೆ ಗೂಡು ಒಂದೇ ಕಡೆ ನಿಲ್ಲುವಂಥದ್ದು, ಮರವನ್ನು ಅಲ್ಲಿಗೆ ಹೊರಬೇಕು. ಭೂಮಿಯ ಮೇಲೆ ಹಕ್ಕಿಲ್ಲದೆ, ಮರ ಇರುವತ್ತ ನಡೆಯುತ್ತ ದುಡಿಯುವವನಿಗೆ ಮಣ್ಣಿನ ಗೂಡೇ ಅನುಕೂಲ. ಅವನಿಗೆ ಕಾಡಿನ ಮೇಲೆ ಬಾಳಿಕೆಯ ಹಕ್ಕು ಸಿಗದಿದ್ದರೆ, ಉತ್ತಮ ಗೂಡಿಗೆ ಹಣ ಹಾಕಲು ಅವನಿಗೆ ಕಾರಣವೇ ಇರುವುದಿಲ್ಲ.