ಕೊನೆಯ ಎರಡು ಪಂದ್ಯ ಒಂದೇ ಹೊತ್ತಿಗೆ ಯಾಕೆ?

ವಿಶ್ವಕಪ್ ಫುಟ್ಬಾಲ್ ನೋಡುವವರಿಗೆಲ್ಲ ಒಂದು ಕಿರಿಕಿರಿ ಗೊತ್ತಿರುತ್ತದೆ. ಗುಂಪು ಹಂತದ ಮೊದಲ ಎರಡು ಸುತ್ತುಗಳಲ್ಲಿ ಪಂದ್ಯಗಳು ಒಂದಾದ ಮೇಲೊಂದು ಬರುತ್ತವೆ, ಆರಾಮಾಗಿ ನೋಡಬಹುದು. ಮೂರನೇ ಸುತ್ತು ಬಂತೋ, ಒಂದು ಗುಂಪಿನ ಎರಡೂ ಪಂದ್ಯ ಒಂದೇ ಹೊತ್ತಿಗೆ. ಒಂದನ್ನು ಟಿವಿಯಲ್ಲಿ, ಇನ್ನೊಂದನ್ನು ಮೊಬೈಲಿನಲ್ಲಿ ಹಾಕಿಕೊಂಡು ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಾ ಕೂರಬೇಕು. ಎರಡು ಪಂದ್ಯ ಬೇರೆಬೇರೆ ಹೊತ್ತಿಗೆ ಇದ್ದರೆ ಟಿವಿಯವರಿಗೂ ಜಾಸ್ತಿ ಲಾಭ. ಆದರೂ 1986ರಿಂದ ಈ ನಿಯಮ ಕದಲಿಲ್ಲ. ಅದರ ಹಿಂದೆ ಒಂದು ಪಂದ್ಯವಿದೆ. ಆ ಪಂದ್ಯದಲ್ಲಿ ಯಾರೂ ಯಾವ ನಿಯಮವನ್ನೂ ಮುರಿಯಲಿಲ್ಲ. ತೊಂದರೆ ಆಗಿದ್ದೇ ಅಲ್ಲಿ.

ನಾಕೌಟ್ ಪಂದ್ಯದ ಲೆಕ್ಕ ಸುಲಭ. ಗೆದ್ದವರು ಉಳಿಯುತ್ತಾರೆ, ಸೋತವರು ಮನೆಗೆ. ಒಬ್ಬರ ಲಾಭ ಇನ್ನೊಬ್ಬರ ನಷ್ಟ. ಗುಂಪಿನಲ್ಲಿ ಹಾಗಲ್ಲ. ನಾಲ್ಕು ತಂಡಗಳಲ್ಲಿ ಎರಡು ಮುಂದೆ ಹೋಗುತ್ತವೆ ಎಂದಮೇಲೆ, ಕೊನೆಯ ದಿನ ಎದುರುಬದುರು ಆಡುವ ಇಬ್ಬರಿಗೂ ಒಂದೇ ಫಲಿತಾಂಶ ಸಾಕಾಗಬಹುದು. ಆಗ ನಿಜವಾದ ಎದುರಾಳಿ ಮೈದಾನದಲ್ಲಿ ಇರುವುದೇ ಇಲ್ಲ. ಎಲ್ಲೋ ಹೋಟೆಲ್ ರೂಮಿನಲ್ಲಿ ಕೂತು ಟಿವಿ ನೋಡುತ್ತಿರುತ್ತಾನೆ. ಗುಂಪು ಹಂತದ ಚರಿತ್ರೆ ಎಂದರೆ ಬಹುಮಟ್ಟಿಗೆ ಈ ಮೂರನೆಯವನ ಪಾಡು.

ಹಾಗಾದರೆ ಗುಂಪಿನ ಗೊಡವೆಯೇ ಬೇಡ, ಶುರುವಿನಿಂದ ನಾಕೌಟ್ ಇಡಬಹುದಲ್ವಾ? ಅದನ್ನೂ ಮಾಡಿ ನೋಡಿದ್ದಾರೆ. 1930ರ ಮೊದಲ ವಿಶ್ವಕಪ್‌ನಲ್ಲಿ ಗುಂಪುಗಳಿದ್ದವು. 1934 ಮತ್ತು 1938ರಲ್ಲಿ ಅವನ್ನು ಕೈಬಿಟ್ಟರು. 1934ರಲ್ಲಿ ಬ್ರೆಜಿಲ್, ಅರ್ಜೆಂಟೀನಾ ತಂಡಗಳು ಹಡಗು ಹತ್ತಿ ಅಟ್ಲಾಂಟಿಕ್ ದಾಟಿ ಇಟಲಿಗೆ ಬಂದವು. ಬ್ರೆಜಿಲ್ ಸ್ಪೇನ್‌ಗೆ 3-1ರಿಂದ, ಅರ್ಜೆಂಟೀನಾ ಸ್ವೀಡನ್‌ಗೆ 3-2ರಿಂದ ಸೋತವು. ಅಲ್ಲಿಗೆ ಮುಗಿಯಿತು. ಅಷ್ಟು ದೂರ ಬಂದು ಆಡಿದ್ದು ತೊಂಬತ್ತು ನಿಮಿಷ.

1950ರಲ್ಲಿ ಗುಂಪುಗಳು ವಾಪಸ್ ಬಂದವು. ಆದರೆ ಕೆಲವು ತಂಡಗಳು ಬರಲೇ ಇಲ್ಲ. ಹೀಗಾಗಿ ಉರುಗ್ವೆ ಇದ್ದ ಗುಂಪಿನಲ್ಲಿ ಎರಡೇ ತಂಡ ಉಳಿದವು. ಉರುಗ್ವೆ ಬೊಲಿವಿಯಾವನ್ನು 8-0ರಿಂದ ಹೊಡೆದು, ಒಂದೇ ಪಂದ್ಯಕ್ಕೆ ಗುಂಪು ಗೆದ್ದುಕೊಂಡಿತು. ಕೊನೆಗೆ ಕಪ್ಪನ್ನೂ ಗೆದ್ದಿತು. 1954ರದ್ದು ಇನ್ನೂ ವಿಚಿತ್ರ. ಗುಂಪಿನಲ್ಲಿ ನಾಲ್ಕು ತಂಡ, ಆದರೆ ತಲಾ ಎರಡೇ ಪಂದ್ಯ, ಯಾಕೆಂದರೆ ಶ್ರೇಯಾಂಕ ಪಡೆದವರು ಇನ್ನೊಬ್ಬ ಶ್ರೇಯಾಂಕಿತರ ವಿರುದ್ಧ ಆಡುವಂತಿರಲಿಲ್ಲ. ಪಾಯಿಂಟ್ ಸಮ ಆದರೆ ಮತ್ತೊಂದು ಪಂದ್ಯ. ಪಶ್ಚಿಮ ಜರ್ಮನಿಯ ಕೋಚ್ ಸೆಪ್ ಹೆರ್ಬರ್ಗರ್ ಇದನ್ನು ಚೆನ್ನಾಗಿ ಓದಿಕೊಂಡರು. ಬಲಿಷ್ಠ ಹಂಗೆರಿ ಎದುರು ಮುಖ್ಯ ಆಟಗಾರರಲ್ಲಿ ಹಲವರನ್ನು ಕೂರಿಸಿ 8-3ರಿಂದ ಸೋತರು. ಮರುಪಂದ್ಯದಲ್ಲಿ ಟರ್ಕಿಯನ್ನು 7-2ರಿಂದ ಸೋಲಿಸಿ ಮುಂದೆ ಹೋದರು. ಫೈನಲ್‌ನಲ್ಲಿ ಅದೇ ಹಂಗೆರಿ ಸಿಕ್ಕಿತು. ಈ ಸಲ ಜರ್ಮನಿ 3-2ರಿಂದ ಗೆದ್ದಿತು. ಗುಂಪು ಹಂತದಲ್ಲಿ ಸೋಲು ಕೂಡ ಒಂದು ತಂತ್ರ ಆಗಬಹುದು ಎಂಬುದು ಅಷ್ಟು ಬೇಗ ಗೊತ್ತಾಗಿತ್ತು.

ಮರುಪಂದ್ಯಗಳ ಕಾಟ ತಪ್ಪಿಸಲು 1962ರಲ್ಲಿ ಗೋಲು ಸರಾಸರಿ ಬಂತು. ಹೊಡೆದ ಗೋಲನ್ನು ಬಿಟ್ಟ ಗೋಲಿನಿಂದ ಭಾಗಿಸುವುದು. ಒಂದೂ ಗೋಲು ಬಿಡದ ತಂಡ ಇದ್ದರೆ ಸೊನ್ನೆಯಿಂದ ಭಾಗಿಸಬೇಕು, ಅದನ್ನು ಯಾರು ಯೋಚಿಸಿದ್ದರೋ. 1970ರಲ್ಲಿ ಗೋಲು ವ್ಯತ್ಯಾಸ ಬಂತು: ಹೊಡೆದದ್ದರಲ್ಲಿ ಬಿಟ್ಟದ್ದನ್ನು ಕಳೆದರಾಯಿತು. ಇದು ನ್ಯಾಯವಾದ ಲೆಕ್ಕವೇ. ಆದರೆ ಎಷ್ಟು ಗೋಲು ಬೇಕು ಎಂದು ಮೊದಲೇ ಗೊತ್ತಿದ್ದರೆ?

1978ರಲ್ಲಿ ಆದದ್ದು ಅದೇ. ಆಗ ಎರಡನೇ ಸುತ್ತಿನಲ್ಲೂ ಗುಂಪುಗಳಿದ್ದವು, ಗುಂಪು ಗೆದ್ದವರು ನೇರ ಫೈನಲ್‌ಗೆ. ಜೂನ್ 21ರಂದು ಬ್ರೆಜಿಲ್ ಮೊದಲು ಆಡಿ ಪೋಲೆಂಡನ್ನು 3-1ರಿಂದ ಸೋಲಿಸಿತು. ಆ ಪಂದ್ಯ ಮುಗಿದ ಮೇಲೆ ಆತಿಥೇಯ ಅರ್ಜೆಂಟೀನಾ ರೊಸಾರಿಯೋದಲ್ಲಿ ಪೆರು ವಿರುದ್ಧ ಇಳಿಯಿತು. ನಾಲ್ಕು ಗೋಲುಗಳ ಅಂತರದಿಂದ ಗೆದ್ದರೆ ಫೈನಲ್ ಎಂದು ಅವರಿಗೆ ಗೊತ್ತಿತ್ತು. ಗೆದ್ದದ್ದು 6-0ರಿಂದ. ಪೆರು ತಂಡದ ಗೋಲ್‌ಕೀಪರ್ ರಾಮೋನ್ ಕಿರೋಗಾ ಹುಟ್ಟಿದ್ದೇ ರೊಸಾರಿಯೋದಲ್ಲಿ. ಅನುಮಾನಗಳು ಇವತ್ತಿಗೂ ಹೋಗಿಲ್ಲ, ಪುರಾವೆಯೂ ಸಿಕ್ಕಿಲ್ಲ. ನನಗನ್ನಿಸುವುದು ಇಷ್ಟು: ಪುರಾವೆಯ ಮಾತು ಬಿಡಿ, ಆ ವೇಳಾಪಟ್ಟಿಯೇ ತಪ್ಪಾಗಿತ್ತು. ಅವತ್ತೇ ಅದನ್ನು ಸರಿಮಾಡಿದ್ದರೆ ಮುಂದಿನ ಕತೆ ನಡೆಯುತ್ತಲೇ ಇರಲಿಲ್ಲ.

ಮಾಡಲಿಲ್ಲ. ನಾಲ್ಕು ವರ್ಷ ಕಳೆಯಿತು. ಸ್ಪೇನ್, 1982. ಅಲ್ಜೀರಿಯಾಕ್ಕೆ ಅದು ಮೊದಲ ವಿಶ್ವಕಪ್. ಜೂನ್ 16ರಂದು ಖಿಖೋನ್ ಎಂಬ ಊರಿನಲ್ಲಿ ಅವರು ಪಶ್ಚಿಮ ಜರ್ಮನಿಯನ್ನು 2-1ರಿಂದ ಸೋಲಿಸಿದರು. ಆಗ ಜರ್ಮನಿ ಯುರೋಪಿನ ಚಾಂಪಿಯನ್. ವಿಶ್ವಕಪ್‌ನಲ್ಲಿ ಆಫ್ರಿಕಾದ ತಂಡವೊಂದು ಯುರೋಪಿನ ತಂಡವನ್ನು ಸೋಲಿಸಿದ್ದು ಅದೇ ಮೊದಲು. ಆಮೇಲೆ ಆಸ್ಟ್ರಿಯಾ ಎದುರು 2-0ರಿಂದ ಸೋತರು. ಜೂನ್ 24ರಂದು ಚಿಲಿಯನ್ನು 3-2ರಿಂದ ಸೋಲಿಸಿ ತಮ್ಮ ಪಾಲಿನ ಆಟ ಮುಗಿಸಿದರು. ಆ ಪಂದ್ಯದಲ್ಲಿ ಮೊದಲು 3-0ಯಿಂದ ಮುಂದಿದ್ದು ಕೊನೆಗೆ ಎರಡು ಗೋಲು ಬಿಟ್ಟುಕೊಟ್ಟಿದ್ದರು. ಆ ಎರಡು ಗೋಲು ದುಬಾರಿಯಾದವು.

ಜರ್ಮನಿ ಮತ್ತು ಆಸ್ಟ್ರಿಯಾ ಆಡಬೇಕಿದ್ದದ್ದು ಮರುದಿನ, ಜೂನ್ 25ಕ್ಕೆ. ಲೆಕ್ಕ ಎರಡೂ ತಂಡಗಳ ಮುಂದೆ ಬಿಚ್ಚಿಟ್ಟ ಹಾಗಿತ್ತು. ಡ್ರಾ ಆದರೆ ಅಥವಾ ಆಸ್ಟ್ರಿಯಾ ಗೆದ್ದರೆ ಜರ್ಮನಿ ಹೊರಕ್ಕೆ. ಜರ್ಮನಿ ಮೂರು ಗೋಲುಗಳ ಅಂತರದಿಂದ ಗೆದ್ದರೆ ಆಸ್ಟ್ರಿಯಾ ಹೊರಕ್ಕೆ. ಒಂದೋ ಎರಡೋ ಗೋಲಿನಿಂದ ಗೆದ್ದರೆ ಇಬ್ಬರೂ ಒಳಗೆ, ಅಲ್ಜೀರಿಯಾ ಮನೆಗೆ.

ಹತ್ತನೇ ನಿಮಿಷದಲ್ಲಿ ಹೋರ್ಸ್ಟ್ ಹ್ರುಬೆಶ್ ಗೋಲು ಹೊಡೆದರು, 1-0. ಆಮೇಲೆ ಸ್ವಲ್ಪ ಹೊತ್ತು ಆಟ ಆಟದಂತೆಯೇ ನಡೆಯಿತು. ಬರಬರುತ್ತಾ ಕಾವು ಇಳಿಯಿತು. ದ್ವಿತೀಯಾರ್ಧ ಪೂರ್ತಿ ಚೆಂಡು ಹಿಂದಕ್ಕೆ, ಪಕ್ಕಕ್ಕೆ, ಮತ್ತೆ ಗೋಲ್‌ಕೀಪರ್ ಕೈಗೆ. ಆಗೆಲ್ಲ ಹಿಂದಕ್ಕೆ ಒದ್ದ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಹುದಿತ್ತು, ಕಾಲ ಕಳೆಯುವುದು ಇನ್ನೂ ಸಲೀಸು. ಸ್ಪೇನಿನ ಪ್ರೇಕ್ಷಕರು ಸಿಳ್ಳೆ ಹಾಕಿ ಛೀಮಾರಿ ಹಾಕಿದರು. ಅಲ್ಜೀರಿಯಾದ ಅಭಿಮಾನಿಗಳು ನೋಟುಗಳನ್ನು ಎತ್ತಿ ಆಟಗಾರರತ್ತ ಬೀಸಿದರು. ಆಸ್ಟ್ರಿಯಾದ ವೀಕ್ಷಕ ವಿವರಣೆಗಾರ, ಟಿವಿ ಆಫ್ ಮಾಡಿಬಿಡಿ ಎಂದು ತನ್ನದೇ ದೇಶದ ಜನರಿಗೆ ಹೇಳಿದರು. ಊರಿನ ಪತ್ರಿಕೆಯಾದ ಎಲ್ ಕೊಮೆರ್ಸಿಯೋ ಮರುದಿನ ಪಂದ್ಯದ ವರದಿಯನ್ನು ಅಪರಾಧ ಸುದ್ದಿಗಳ ಪುಟದಲ್ಲಿ ಹಾಕಿತು. ಇದಕ್ಕಿಂತ ಚೆನ್ನಾಗಿ ಆ ಪಂದ್ಯವನ್ನು ಯಾರೂ ವಿವರಿಸಿಲ್ಲ.

ಅಲ್ಜೀರಿಯಾ ದೂರು ಕೊಟ್ಟಿತು. ಫಿಫಾ ತಳ್ಳಿಹಾಕಿತು. ಯಾವ ನಿಯಮದ ಮೇಲೆ ಶಿಕ್ಷೆ ಕೊಡುವುದು? ಮುಂದಕ್ಕೆ ನುಗ್ಗಿ ಆಡಲೇಬೇಕು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಮೊದಲೇ ಮಾತಾಡಿಕೊಂಡಿದ್ದರು ಎಂಬುದಕ್ಕೂ ಸಾಕ್ಷಿ ಇರಲಿಲ್ಲ. ಮಾತಾಡುವ ಅಗತ್ಯವೂ ಇರಲಿಲ್ಲ ಅನ್ನಿ, ಸ್ಕೋರ್‌ಬೋರ್ಡೇ ಎಲ್ಲ ಹೇಳುತ್ತಿತ್ತಲ್ಲ. ಮೂರೂ ತಂಡಗಳಿಗೆ ತಲಾ 4 ಪಾಯಿಂಟ್. ಗೋಲು ವ್ಯತ್ಯಾಸದಲ್ಲಿ ಅಲ್ಜೀರಿಯಾ ಹೊರಬಿತ್ತು. ಜರ್ಮನಿ ಫೈನಲ್ ತನಕ ಹೋಗಿ ಇಟಲಿಗೆ ಸೋತಿತು. 1986ರ ವಿಶ್ವಕಪ್‌ನಿಂದ ಗುಂಪಿನ ಕೊನೆಯ ಎರಡು ಪಂದ್ಯ ಒಟ್ಟಿಗೇ ಶುರುವಾಗತೊಡಗಿದವು.

ಇದು ರೋಗವನ್ನು ವಾಸಿ ಮಾಡಿತಾ? ಅರ್ಧಂಬರ್ಧ. 2004ರ ಯೂರೋ ಕಪ್ ನೋಡಿ. ಅಲ್ಲಿ ಪಾಯಿಂಟ್ ಸಮವಾದರೆ ಮೊದಲು ನೋಡುವುದು ಆ ತಂಡಗಳು ಪರಸ್ಪರ ಆಡಿದ ಪಂದ್ಯಗಳನ್ನು. ಕೊನೆಯ ದಿನ ಡೆನ್ಮಾರ್ಕ್ ಮತ್ತು ಸ್ವೀಡನ್ 2-2 ಡ್ರಾ ಮಾಡಿಕೊಂಡರೆ, ಇಟಲಿ ಎಷ್ಟೇ ಗೋಲು ಹೊಡೆದರೂ ಹೊರಗೇ. ಪಂದ್ಯಕ್ಕೆ ಮುಂಚೆಯೇ ಇಟಲಿಯ ಪತ್ರಿಕೆಗಳು ಇದನ್ನು ಹೇಳಿ ಗೋಳಾಡುತ್ತಿದ್ದವು. 89ನೇ ನಿಮಿಷದಲ್ಲಿ ಸ್ವೀಡನ್‌ನ ಮಟಿಯಾಸ್ ಯೋನ್ಸನ್ ಗೋಲು ಹೊಡೆದರು. ಸ್ಕೋರು 2-2. ಅತ್ತ ಇಟಲಿ ಬಲ್ಗೇರಿಯಾವನ್ನು ಕೊನೇ ಗಳಿಗೆಯಲ್ಲಿ 2-1ರಿಂದ ಗೆದ್ದು, ಸುದ್ದಿ ಕೇಳಿ ಕಣ್ಣೀರು ಹಾಕಿತು. ಒಳ ಒಪ್ಪಂದವೋ ಕಾಕತಾಳೀಯವೋ? ಡೆನ್ಮಾರ್ಕ್ 2-1ರಿಂದ ಮುಂದಿದ್ದ ಪಂದ್ಯ ಅದು, ಆಟ ಜೋರಾಗಿಯೇ ನಡೆದಿತ್ತು. ನಾನಂತೂ ಕಾಕತಾಳೀಯ ಅಂದುಕೊಳ್ಳುತ್ತೇನೆ. ಇಟಲಿಯವರು ಒಪ್ಪಲಿಕ್ಕಿಲ್ಲ.

ನಿಯಮ ಮಾಡುವವರು ಜಾಣತನ ಜಾಸ್ತಿ ತೋರಿಸಿದರೆ ಏನಾಗುತ್ತದೆ ಎಂಬುದಕ್ಕೆ 1994ರ ಜನವರಿಯ ಬಾರ್ಬಡೋಸ್-ಗ್ರೆನಡಾ ಪಂದ್ಯವೇ ಸಾಕು. ಕೆರಿಬಿಯನ್ ಕಪ್‌ನ ಅರ್ಹತಾ ಗುಂಪಿನ ಪಂದ್ಯ ಅದು. ಡ್ರಾ ಇಲ್ಲ, ಹೆಚ್ಚುವರಿ ಸಮಯದಲ್ಲಿ ಮೊದಲು ಗೋಲು ಹೊಡೆದವರಿಗೆ ಆ ಒಂದು ಗೋಲು ಎರಡಾಗಿ ಲೆಕ್ಕ. ಬಾರ್ಬಡೋಸ್‌ಗೆ ಎರಡು ಗೋಲಿನ ಗೆಲುವು ಬೇಕಿತ್ತು. 2-0 ಇದ್ದದ್ದು 83ನೇ ನಿಮಿಷದಲ್ಲಿ 2-1 ಆಯಿತು. ಇನ್ನೊಂದು ಗೋಲು ಹೊಡೆಯುವುದು ಕಷ್ಟ ಎನಿಸಿದಾಗ ಬಾರ್ಬಡೋಸ್ ಆಟಗಾರರು ಬೇಕೆಂದೇ ತಮ್ಮದೇ ಗೋಲಿಗೆ ಚೆಂಡು ಒದ್ದರು. 2-2, ಅಂದರೆ ಹೆಚ್ಚುವರಿ ಸಮಯ. ಗ್ರೆನಡಾಕ್ಕೂ ವಿಷಯ ಹೊಳೆಯಿತು. ಅವರಿಗೆ 3-2ರಿಂದ ಗೆದ್ದರೂ ಸಾಕು, ಸೋತರೂ ಸಾಕು! ಕೊನೆಯ ಕೆಲವು ನಿಮಿಷ ಗ್ರೆನಡಾ ಎರಡರಲ್ಲಿ ಯಾವ ಗೋಲಿಗಾದರೂ ಸರಿ ಎಂದು ಓಡಾಡಿತು, ಬಾರ್ಬಡೋಸ್ ಎರಡೂ ಗೋಲುಗಳನ್ನು ಕಾದಿತು. ಕೊನೆಗೆ ಹೆಚ್ಚುವರಿ ಸಮಯದಲ್ಲಿ ಒಂದು ಗೋಲು ಹೊಡೆದು 4-2 ಎಂದು ಬರೆಸಿಕೊಂಡು ಬಾರ್ಬಡೋಸ್ ಮುಂದೆ ಹೋಯಿತು.

ಒಂದೇ ಹೊತ್ತಿಗೆ ಆಡಿಸುವುದರ ಆಸೆ ಏನೆಂದರೆ, ಅತ್ತ ಏನಾಗುತ್ತದೆ ಎಂದು ಇತ್ತ ಗೊತ್ತಾಗಬಾರದು. ಈಗ ಬೆಂಚಿನಲ್ಲಿ ಕೂತವರಿಗೆ ಕ್ಷಣಕ್ಷಣದ ಸುದ್ದಿ ಇರುತ್ತದೆ. 2018ರ ವಿಶ್ವಕಪ್‌ನಲ್ಲಿ ಜಪಾನ್ ಪೋಲೆಂಡ್‌ಗೆ 1-0ಯಿಂದ ಸೋಲುತ್ತಿತ್ತು. ಅತ್ತ ಸೆನೆಗಲ್ ಕೂಡ ಕೊಲಂಬಿಯಾಕ್ಕೆ ಅಷ್ಟೇ ಅಂತರದಿಂದ ಸೋಲುತ್ತಿತ್ತು. ಪಾಯಿಂಟ್, ಗೋಲು, ಪರಸ್ಪರ ಪಂದ್ಯ ಎಲ್ಲ ಸಮ. ಉಳಿದದ್ದು ಹಳದಿ ಕಾರ್ಡಿನ ಲೆಕ್ಕ, ಕಡಿಮೆ ಇದ್ದವರು ಮುಂದೆ: ಜಪಾನ್‌ಗೆ ನಾಲ್ಕು, ಸೆನೆಗಲ್‌ಗೆ ಆರು. ಕೋಚ್ ಅಕಿರಾ ನಿಶಿನೊ ತಂಡಕ್ಕೆ ಸುಮ್ನೆ ಚೆಂಡು ಉರುಳಿಸುತ್ತಾ ಇರಿ ಎಂಬ ಸೂಚನೆ ಕಳಿಸಿದರು. ಗೆಲ್ಲುತ್ತಿದ್ದ ಪೋಲೆಂಡ್‌ಗೂ ಆತುರ ಇರಲಿಲ್ಲ. ಸೆನೆಗಲ್ ಒಂದು ಗೋಲು ಹೊಡೆದಿದ್ದರೆ ಜಪಾನ್ ಮಾನ ಹೋಗುತ್ತಿತ್ತು. ಹೊಡೆಯಲಿಲ್ಲ.

ಹಾಗಂತ ಈ ನಿಯಮವನ್ನು ಬರೀ ಬೈಯುವ ಹಾಗಿಲ್ಲ. ಕತಾರ್ ವಿಶ್ವಕಪ್‌ನಲ್ಲಿ, 2022ರ ಡಿಸೆಂಬರ್ 1ರ ರಾತ್ರಿ ಜಪಾನ್ ಸ್ಪೇನ್ ಎದುರು, ಕೋಸ್ಟರಿಕಾ ಜರ್ಮನಿ ಎದುರು 2-1ರಿಂದ ಮುಂದಿದ್ದವು. ಮೂರು ನಿಮಿಷ ಕಾಲ ಸ್ಪೇನ್, ಜರ್ಮನಿ ಎರಡೂ ಹೊರಗಿದ್ದವು. ಮರುದಿನ ದಕ್ಷಿಣ ಕೊರಿಯಾ ಪೋರ್ಚುಗಲ್ಲನ್ನು ಸೋಲಿಸಿ, ಆಟಗಾರರೆಲ್ಲ ಮೈದಾನದಲ್ಲೇ ಗುಂಪುಗೂಡಿ ಫೋನಿನಲ್ಲಿ ಉರುಗ್ವೆ-ಘಾನಾ ಪಂದ್ಯದ ಕೊನೆಯ ನಿಮಿಷಗಳನ್ನು ನೋಡಿದರು. ಉರುಗ್ವೆ ಇನ್ನೊಂದು ಗೋಲು ಹೊಡೆದಿದ್ದರೆ ಕೊರಿಯಾ ಹೊರಗೆ.

ಇದನ್ನೆಲ್ಲ ಕೈಬಿಡುವ ಯೋಜನೆ ಆಗಲೇ ತಯಾರಿತ್ತು. 2026ಕ್ಕೆ 48 ತಂಡ, ತಲಾ ಮೂರು ತಂಡಗಳ 16 ಗುಂಪು ಎಂದು ಹಾಕಿಕೊಂಡಿದ್ದರು. ಮೂರು ತಂಡದ ಗುಂಪಿನಲ್ಲಿ ಕೊನೆಯ ದಿನ ಒಬ್ಬರು ಸುಮ್ಮನೆ ಕೂರಲೇಬೇಕು. ಅಂದರೆ ಪ್ರತಿ ಗುಂಪೂ ಒಂದು ಖಿಖೋನ್. ಕತಾರ್‌ನ ಆ ರಾತ್ರಿಗಳನ್ನು ನೋಡಿದ ಮೇಲೆ ಫಿಫಾ ಮನಸ್ಸು ಬದಲಿಸಿತು. 2023ರ ಮಾರ್ಚ್‌ನಲ್ಲಿ ಕಿಗಾಲಿಯಲ್ಲಿ ನಾಲ್ಕು ತಂಡಗಳ 12 ಗುಂಪು ಎಂದು ತೀರ್ಮಾನವಾಯಿತು. ಪಂದ್ಯಗಳು 64ರಿಂದ 104ಕ್ಕೆ ಏರಿದವು.

ಆದರೆ 12 ಗುಂಪಿನಿಂದ 32 ತಂಡ ಬೇಕು. ಅದಕ್ಕೆ ಮೂರನೇ ಸ್ಥಾನ ಪಡೆದವರಲ್ಲಿ ಎಂಟು ತಂಡಗಳನ್ನು ಮುಂದೆ ಕಳಿಸುವುದೆಂದಾಯಿತು. 1986ರಿಂದ 1994ರವರೆಗೂ ಇಂಥದೇ ವ್ಯವಸ್ಥೆ ಇತ್ತು. ಯೂರೋ ಕಪ್‌ನಲ್ಲಿ 2016ರಿಂದ ಇದೆ, ಆ ವರ್ಷ ಪೋರ್ಚುಗಲ್ ಗುಂಪಿನ ಮೂರೂ ಪಂದ್ಯ ಡ್ರಾ ಮಾಡಿಕೊಂಡು ಮೂರನೇ ಸ್ಥಾನದಲ್ಲಿ ನುಸುಳಿ ಕಪ್ ಗೆದ್ದಿತು. ತೊಡಕು ಏನೆಂದರೆ ಎಲ್ಲ ಗುಂಪೂ ಒಂದೇ ದಿನ ಮುಗಿಯುವುದಿಲ್ಲ. 2026ರ ವೇಳಾಪಟ್ಟಿಯಲ್ಲಿ ಮೊದಲ ಗುಂಪುಗಳಿಗೆ ಜೂನ್ 24 ಕೊನೆಯ ದಿನ, ಕೊನೆಯ ಗುಂಪುಗಳಿಗೆ ಜೂನ್ 27. ಮೊದಲು ಮುಗಿಸಿದವರು ಹೋಟೆಲಿನಲ್ಲಿ ಕಾಯಬೇಕು. ಕೊನೆಗೆ ಆಡುವವರಿಗೆ ಎಷ್ಟು ಪಾಯಿಂಟ್, ಎಷ್ಟು ಗೋಲು ಸಾಕು ಎಂಬುದು ಗೊತ್ತಿರುತ್ತದೆ.

ಯಾವ ತಂಡ ಯಾವ ಗುಂಪಿಗೆ ಎಂದು ಚೀಟಿ ಎತ್ತಿದಾಗ 'ಜೆ' ಗುಂಪಿಗೆ ಅರ್ಜೆಂಟೀನಾ, ಜೋರ್ಡನ್ ಜೊತೆ ಬಿದ್ದ ಇನ್ನೆರಡು ಚೀಟಿ ಅಲ್ಜೀರಿಯಾ ಮತ್ತು ಆಸ್ಟ್ರಿಯಾದ್ದು. ಅವರಿಬ್ಬರ ಪಂದ್ಯಕ್ಕೆ ಗೊತ್ತಾದ ಜಾಗ ಕಾನ್ಸಸ್ ಸಿಟಿ. ದಿನ ಜೂನ್ 27, ಗುಂಪು ಹಂತದ ಕಟ್ಟಕಡೆಯ ದಿನ. ಅದೇ ಹೊತ್ತಿಗೆ ಡಲ್ಲಾಸ್‌ನಲ್ಲಿ ಇನ್ನೊಂದು ಪಂದ್ಯ.