ನಾಟಿ ಹಂದಿಗೆ ಜ್ವರ ಬಾರದೇ?

ಕೆನ್ಯಾದಲ್ಲಿ ಕಂಡ ಆಫ್ರಿಕನ್ ಹಂದಿ ಜ್ವರದ ಮೊದಲ ವೈಜ್ಞಾನಿಕ ವಿವರಣೆ ಪ್ರಕಟವಾದದ್ದು 1921ರಲ್ಲಿ. ವೈರಸ್‌ನಿಂದ ಬರುವ ಆ ರೋಗ 2007ರಲ್ಲಿ ಜಾರ್ಜಿಯಾ, 2018ರಲ್ಲಿ ಚೀನಾ, 2020ರಲ್ಲಿ ಅಸ್ಸಾಂ–ಅರುಣಾಚಲ ದಾಟಿ 2022ರ ಜುಲೈಗೆ ವಯನಾಡಿಗೆ ಬಂತು. 2023ರಲ್ಲಿ ಕಾಸರಗೋಡಿನ ಎಣ್ಮಕಜೆ ಪಂಚಾಯತಿಗೂ ಕಾಲಿಟ್ಟಿತು. ರೋಗ ಕಂಡ ಫಾರ್ಮಿನಿಂದ ಒಂದು ಕಿಲೋಮೀಟರಿನೊಳಗಿನ ಹಂದಿಗಳನ್ನೆಲ್ಲ ಕೊಲ್ಲಬೇಕು, ಹತ್ತು ಕಿಲೋಮೀಟರ್ ನಿಗಾ ವಲಯ. ಗೂಡು ಖಾಲಿಯಾದವರಿಗೆ ಸಹಜವಾಗಿ ಏಳುವ ಪ್ರಶ್ನೆ: ವಿದೇಶಿ ತಳಿಯಾದ ಬಿಳಿ ಯಾರ್ಕ್‌ಶೈರ್ ಬಿಟ್ಟು ಕಪ್ಪು ನಾಟಿ ಸಾಕಿದರೆ ಬಚಾವಾದೇವೇ?

ತಳಿಯಲ್ಲಿ ರೋಗನಿರೋಧಕತೆ ಇರುವುದು ಸುಳ್ಳಲ್ಲ. ಹಾಲು ಬಿಡಿಸಿದ ಮರಿಗಳಿಗೆ ಭೇದಿ, ಕಣ್ಣಿನ ಸುತ್ತ ಬಾವು ತರುವ ಒಂದು ಬಗೆಯ ಇ. ಕೋಲಿ ಬ್ಯಾಕ್ಟೀರಿಯಾ ಕರುಳಿನ ಗೋಡೆಗೆ ಅಂಟಲು ಒಂದು ಹಿಡಿಕೆ ಬೇಕು. ಎಫ್‌ಯುಟಿ1 ಎಂಬ ಜೀನಿನ ಒಂದೇ ಅಕ್ಷರ ಬದಲಾದರೆ ಆ ಹಿಡಿಕೆಯೇ ಆಗುವುದಿಲ್ಲ. 1990ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನವರು ಇದನ್ನು ಪತ್ತೆ ಮಾಡಿದರು. ತಮಾಷೆಯೆಂದರೆ, ಈ ರಕ್ಷಕ ರೂಪ ಚೀನಾದ ಸ್ಥಳೀಯ ತಳಿಗಳಲ್ಲಿ ಅಪರೂಪ, ಸಿಕ್ಕುವುದು ಹೆಚ್ಚಾಗಿ ಯುರೋಪಿನ ತಳಿಗಳಲ್ಲಿ.

ಆಫ್ರಿಕನ್ ಜ್ವರದ ಕಥೆ ಬೇರೆ. ಆಫ್ರಿಕದ ಕಾಡುಹಂದಿ ವಾರ್ಟ್‌ಹಾಗ್‌ಗೆ ವೈರಸ್ ಹೊಕ್ಕರೂ ಜ್ವರವಿಲ್ಲ. ಉರಿಯೂತವನ್ನು ನಿಯಂತ್ರಿಸುವ ಅದರ ರೆಲ್‌-ಎ ಜೀನ್ ತಯಾರಿಸುವ ಪ್ರೋಟೀನು ಸಾಕುಹಂದಿಯದಕ್ಕಿಂತ ಮೂರು ಅಮೈನೋ ಆಮ್ಲಗಳಷ್ಟು (ಪ್ರೋಟೀನಿನ ಕೊಂಡಿಗಳಷ್ಟು) ಬೇರೆ ಎಂದು 2011ರಲ್ಲಿ ಗೊತ್ತಾಯಿತು. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯವರು ಸಾಕುಹಂದಿಯಲ್ಲಿ ಅದೇ ಬದಲಾವಣೆ ಮಾಡಿ ನೋಡಿದರು. 2020ರ ಫಲಿತಾಂಶದಲ್ಲಿ ಆ ಹಂದಿಗಳಿಗೂ ರಕ್ಷಣೆ ಸಿಕ್ಕಲಿಲ್ಲ. ಮೊಜಾಂಬಿಕ್‌ನಲ್ಲಿ ಸೋಂಕು ಗೆದ್ದ ನಾಟಿ ಹಂದಿಗಳ ಮರಿಗಳಿಗೆ ವೈರಸ್ ಕೊಟ್ಟಾಗಲೂ ಬಹುತೇಕ ಸತ್ತವು. ತಾಯಿಯ ಬದುಕು ಮರಿಗೆ ಬಳುವಳಿಯಾಗಿ ಬರಲಿಲ್ಲ.

'ಈ ತಳಿಯಲ್ಲಿ ರೋಗನಿರೋಧಕ ಜೀನ್ ಹೆಚ್ಚು ಕೆಲಸ ಮಾಡುತ್ತದೆ' ಎಂಬ ವರದಿ ಓದುವಾಗ ಅಳತೆ ಹೇಗೆ ಎಂದು ಕೇಳಬೇಕು. ರಕ್ತದ ಬಿಳಿಕೋಶಗಳಿಂದ ಆರ್‌ಎನ್‌ಎ (ಕೆಲಸ ಮಾಡುತ್ತಿರುವ ಜೀನಿನ ನಕಲು) ತೆಗೆದು, ಡಿಎನ್‌ಎಗೆ ತಿರುಗಿಸಿ, ಪಿಸಿಆರ್ ಎಂಬ ನಕಲು ಯಂತ್ರದಲ್ಲಿ ಸುತ್ತುಸುತ್ತಿಗೂ ದ್ವಿಗುಣಗೊಳಿಸುತ್ತಾರೆ. ಯಂತ್ರದಲ್ಲಿ ಒಂದು ಸುತ್ತಿನ ವ್ಯತ್ಯಾಸವೆಂದರೆ ಸುಮಾರು ಎರಡು ಪಟ್ಟು. ಗಡಿಬಿಡಿ ಇಲ್ಲಿಯೇ: ಬಿಸಿಲಲ್ಲಿ ಉಳಿದ ರಕ್ತದಲ್ಲಿ ಆರ್‌ಎನ್‌ಎ ಒಡೆಯುತ್ತದೆ, ಹೋಲಿಕೆಗೆ ಆಯ್ದ 'ಸ್ಥಿರ' ಜೀನೇ ಜ್ವರಕ್ಕೆ ಏರಿಳಿಯಬಹುದು, ಒಂದು ಗುಂಪು ಎಂಟು ವಾರದ ಮರಿಗಳು, ಇನ್ನೊಂದು ವರ್ಷದ ಹಂದಿಗಳಾದರೆ ತಳಿಯ ಹೆಸರಲ್ಲಿ ವಯಸ್ಸನ್ನು ಅಳೆದಂತೆ. ಇನ್ನೊಂದು ತೊಡಕು: ಆಫ್ರಿಕನ್ ಜ್ವರದ ವೈರಸ್ ಬೆಳೆಯುವುದೇ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳಲ್ಲಿ. ಉರಿಯೂತದ ಜೀನುಗಳು ಭೋರ್ಗರೆಯುವುದು ಸಾಯುವ ಹಂದಿಯ ಲಕ್ಷಣವೂ ಹೌದು.

ಹಾಗಾಗಿ ತಳಿ ಹುಡುಕುವ ಮೊದಲು ಹಂದಿಗೆ ತಿನ್ನಿಸುವ ಹೋಟೆಲ್ ವೇಸ್ಟ್ ನೋಡಬೇಕು. ಹಂದಿ ಮಾಂಸದ ಚೂರಲ್ಲಿ ವೈರಸ್ ಬಹುಕಾಲ ಬಾಳುತ್ತದೆ. ಅಂತಾರಾಷ್ಟ್ರೀಯ ಪಶು ಆರೋಗ್ಯ ಸಂಹಿತೆಯಂತೆ, ಕನಿಷ್ಠ 90 ಡಿಗ್ರಿಯಲ್ಲಿ 60 ನಿಮಿಷ, ಬಿಡದೆ ಕಲಕುತ್ತ ಬೇಯಿಸಬೇಕು. ಕಲಕದಿದ್ದರೆ ಅಂಚಿನಲ್ಲಿ ಕೊತಕೊತ ಕುದಿಯುವ ಡ್ರಮ್ಮಿನ ನಡುವೆ ಎಲುಬಿನ ಗಂಟು ಉಗುರುಬೆಚ್ಚಗಷ್ಟೇ ಇರುತ್ತದೆ. ಬೆಂದದ್ದನ್ನು ಹಸಿ ವೇಸ್ಟ್ ತಂದ ಬಕೆಟ್ಟಿಗೇ ಸುರಿದರೆ ಉರಿಸಿದ ಸೌದೆಯೂ ದಂಡ.