ಹತ್ತು ಟೇಬಲ್ ಜಾಯಿನ್ ಮಾಡಿದರೆ ಕ್ವೆರಿ ಯಾಕೆ ಒದ್ದಾಡುತ್ತದೆ?

ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯೇ ಕ್ವೆರಿ; ಬೇರೆ ಬೇರೆ ಟೇಬಲ್‌ಗಳ ಸಾಲುಗಳನ್ನು ಹೊಂದಿಸಿ ಸೇರಿಸುವುದೇ ಜಾಯಿನ್. ಮೂರು ಟೇಬಲ್ ಇದ್ದಾಗ ಚಕಚಕ ಓಡಿದ ಕ್ವೆರಿ, ಹತ್ತಾದಾಗ ಜಪ್ಪಯ್ಯ ಅಂದರೂ ಮುಗಿಯುವುದಿಲ್ಲ. ಬರೆದವರನ್ನು ಬೈಯುವುದು ಸುಲಭ. ಆದರೆ ತೊಂದರೆಯ ಬೇರು ಬಹಳ ಹಳೆಯದು.

ಐಎಂಎಸ್‌ನಂಥ ಆರಂಭದ ಡೇಟಾಬೇಸ್‌ಗಳಲ್ಲಿ ಒಂದು ದಾಖಲೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಪ್ರೋಗ್ರಾಮರೇ ಬರೆಯಬೇಕಿತ್ತು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಬೇರೆಯದೇ ಮಾತು ಹೇಳಿದರು. ಡೇಟಾವನ್ನು ಟೇಬಲ್‌ಗಳಲ್ಲಿಡಿ, ಏನು ಬೇಕೋ ಕೇಳಿ. ಹೇಗೆ ತರುವುದು ಅನ್ನೋದು ಯಂತ್ರದ ಪಾಡು.

ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಯಾವ ಟೇಬಲ್ ಮೊದಲು, ಯಾವುದು ಆಮೇಲೆ? ಒಂದರ ಹಿಂದೆ ಒಂದರಂತೆ ಸೇರಿಸಿದರೂ ಹತ್ತು ಟೇಬಲ್‌ಗೆ 36,28,800 ಕ್ರಮಗಳಿವೆ. ಕಾಡ್ ಹೇಳಿದ ರೀತಿಯ ಡೇಟಾಬೇಸ್ ಕಟ್ಟುತ್ತಿದ್ದ ಐಬಿಎಂನ ಸಿಸ್ಟಮ್ ಆರ್ ತಂಡದ ಪೆಟ್ರೀಷಿಯಾ ಸೆಲಿಂಜರ್ ಮತ್ತು ಜೊತೆಗಾರರು 1979ರಲ್ಲಿ ದಾರಿ ತೋರಿಸಿದರು: ಮೊದಲು ಎರಡೆರಡು ಟೇಬಲ್‌ಗೆ ಅಗ್ಗದ, ಅಂದರೆ ಕಡಿಮೆ ಕೆಲಸದ ದಾರಿ ಹುಡುಕಿ ಇಟ್ಟುಕೊಳ್ಳಿ, ಅದರ ಮೇಲೆ ಮೂರನೆಯದು, ನಾಲ್ಕನೆಯದು. ಹೀಗೆ ದಾರಿ ಆರಿಸುವ ಡೇಟಾಬೇಸ್‌ನ ಭಾಗಕ್ಕೆ ಆಪ್ಟಿಮೈಜರ್ ಅನ್ನುತ್ತಾರೆ; ಇಂದಿಗೂ ಎಷ್ಟೋ ಆಪ್ಟಿಮೈಜರ್‌ಗಳ ಅಡಿಪಾಯ ಇದೇ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಮಾತ್ರ, ಸೆಟ್ಟಿಂಗ್ ಬದಲಿಸದಿದ್ದರೆ, 12 ಟೇಬಲ್ ಮುಟ್ಟಿದಾಗ ಈ ಲೆಕ್ಕ ಕೈಬಿಟ್ಟು, ಒಂದಷ್ಟು ಕ್ರಮಗಳನ್ನಷ್ಟೇ ಪರೀಕ್ಷಿಸುವ ಜೆನೆಟಿಕ್ ವಿಧಾನಕ್ಕೆ ಹೋಗುತ್ತದೆ.

ಕ್ವೆರಿ ಬರೆಯುವ ಭಾಷೆ ಎಸ್‌ಕ್ಯೂಎಲ್‌ನ 1992ರ ಆವೃತ್ತಿ, ಎಸ್‌ಕ್ಯೂಎಲ್-92, ಜಾಯಿನ್, ಆನ್ ಪದಗಳನ್ನು ತಂದದ್ದು ಬರೆಯುವವರಿಗೆ ಉಪಕಾರ. ಯಂತ್ರದ ಕಷ್ಟ ಅದರಿಂದ ಕಡಿಮೆಯಾಗಲಿಲ್ಲ.

ನನ್ನ ಮಟ್ಟಿಗೆ ನಿಜವಾದ ಕಿರಿಕಿರಿ ಕ್ರಮದ್ದಲ್ಲ, ಅಂದಾಜಿನದು. ಅಗ್ಗ ಯಾವುದೆಂದು ತಿಳಿಯಲು ಎಷ್ಟು ಸಾಲು ಬರುತ್ತದೆ ಎಂದು ಊಹಿಸಬೇಕು. ಅಂಕಿಅಂಶ ಇಲ್ಲದಿದ್ದರೆ ಹತ್ತರಲ್ಲೊಂದು ಸಾಲು ಅಂತ ಹಿಡಿಯಿರಿ ಎಂದೇ ಸೆಲಿಂಜರ್ ತಂಡದ 1979ರ ಪ್ರಬಂಧದಲ್ಲಿತ್ತು! ಒಂದು ಲಕ್ಷ ಕಾರುಗಳ ಟೇಬಲ್ ಇದೆ ಅನ್ನಿ. ಒಟ್ಟು ಕಾರುಗಳಲ್ಲಿ ಒಂದು ಕಂಪನಿಯದು ಶೇ 10, ಅದರದೇ ಒಂದು ಮಾಡೆಲ್ ಒಟ್ಟಿನ ಶೇ 2. ಎರಡೂ ಷರತ್ತು ಹಾಕಿದರೆ ಆಪ್ಟಿಮೈಜರ್ ಸುಮ್ನೆ ಗುಣಿಸಿ 200 ಸಾಲು ಅನ್ನುತ್ತದೆ. ನಿಜದಲ್ಲಿ 2,000, ಯಾಕೆಂದರೆ ಆ ಮಾಡೆಲ್ ಬೇರೆ ಕಂಪನಿಯಲ್ಲಿ ಇಲ್ಲವೇ ಇಲ್ಲ. ಕಡಿಮೆ ಸಾಲು ಅಂತ ನಂಬಿ ಅದು ನೆಸ್ಟೆಡ್ ಲೂಪ್ ಆರಿಸುತ್ತದೆ, ಅಂದರೆ ಒಂದು ಟೇಬಲ್‌ನ ಪ್ರತಿ ಸಾಲಿಗೂ ಇನ್ನೊಂದು (ಒಳಗಿನ) ಟೇಬಲ್‌ನಲ್ಲಿ ಹುಡುಕುವ ವಿಧಾನ. ಒಳಗಿನ ಟೇಬಲ್ಲನ್ನು ಹತ್ತು ಪಟ್ಟು ಜಾಸ್ತಿ ತಡಕಾಡಬೇಕಾಗುತ್ತದೆ. ಮುಂದಿನ ಜಾಯಿನ್‌ನಲ್ಲಿ ಈ ತಪ್ಪು ಇನ್ನಷ್ಟು ಬೆಳೆಯಬಹುದು.

2015ರಲ್ಲಿ ಸಂಶೋಧಕರು ಐಎಂಡಿಬಿಯ ಸಿನಿಮಾ ಡೇಟಾ ಮೇಲೆ 113 ಕ್ವೆರಿಗಳನ್ನು ಹಲವು ಡೇಟಾಬೇಸ್‌ಗಳಲ್ಲಿ ಪರೀಕ್ಷಿಸಿದಾಗ ಕಂಡದ್ದೂ ಇದೇ: ಜಾಯಿನ್ ಹೆಚ್ಚಿದಂತೆ ಅಂದಾಜು ದಾರಿ ತಪ್ಪುತ್ತದೆ. 2017ರ ಪೋಸ್ಟ್‌ಗ್ರೆಸ್ 10ರಿಂದ, ಕಂಪನಿ–ಮಾಡೆಲ್‌ನಂಥ ಕಾಲಂಗಳ ನಂಟನ್ನು ನಾವೇ ಹೇಳಿ ಲೆಕ್ಕ ಹಾಕಿಸಬಹುದು. ಅದೂ ಒಂದೇ ಟೇಬಲ್‌ನ ಒಳಗೆ ಮಾತ್ರ.